ದೇವಮಾತೆಯ ಖಾಲಿ ತೋಳು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಪಾದ್ರಿ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಸ ಚಾಪೆಲ್‌ನ ಉದ್ಘಾಟನೆಗೆ ಐದೇ ದಿನ ಉಳಿದಿತ್ತು. ಕೆಡವಿದ ಹಳೆಯ ಕಟ್ಟಡಗಳಿಂದ ಉಳಿಸಿ ತಂದ ಬಲಿಪೀಠ, ದೀಪ, ಮರದ ವಿಗ್ರಹಗಳನ್ನೆಲ್ಲ ಜೋಡಿಸಿಯಾಗಿತ್ತು. ಈಗ ದೇವಮಾತೆಯ ತೋಳಿನಲ್ಲಿದ್ದ ಬಾಲಯೇಸು ಕಾಣೆ.

"ತಾಯಿ ವಿಗ್ರಹ?" ಇನ್‌ಸ್ಪೆಕ್ಟರ್ ಕೇಳಿದರು.

"ಅಲ್ಲೇ ಇದೆ. ಮಗು ಮಾತ್ರ ಇಲ್ಲ. ಕೆಲಸದವರು ಆ ಕಡೆ ತಲೆ ಹಾಕೋಕೂ ಹೆದರ್ತಿದ್ದಾರೆ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಇನ್‌ಸ್ಪೆಕ್ಟರ್, ಮಹಿಳಾ ಹೆಡ್ ಕಾನ್‌ಸ್ಟೆಬಲ್ ಜೊತೆ ಸ್ಥಳ ಪಂಚನಾಮೆ ನಡೆಸಿದರು. ಬೀಗ ಮುರಿದಿರಲಿಲ್ಲ. ಮರದ ತಾಯಿ ಖಾಲಿ ತೋಳನ್ನು ಹಾಗೇ ಬಾಗಿಸಿಕೊಂಡು, ಇಲ್ಲದ ಮಗುವನ್ನೇ ನೋಡುತ್ತಿದ್ದಳು. ಮಗುವನ್ನು ಹಿಡಿದಿದ್ದ ಬೆಣೆಯನ್ನು ಯಾರೋ ಒಂದು ಗೀರೂ ಬೀಳದಂತೆ ಬಿಡಿಸಿ ಪೀಠದ ಮೇಲಿಟ್ಟಿದ್ದರು. ಪಕ್ಕದಲ್ಲೇ ಬೆಳ್ಳಿಯ ದೀಪ.

"ಬೆಳ್ಳಿ ಬಿಟ್ಟು ಮರ ಕದ್ದಿದ್ದಾನೆ. ಎಂಥಾ ಕಳ್ಳ ಸಾರ್ ಇವನು!" ಎಂದು ನಕ್ಕ ಹೆಡ್ ಕಾನ್‌ಸ್ಟೆಬಲ್‌ಗೆ ಆ ನಗು ಅಲ್ಲಿ ಸಲ್ಲದ್ದು ಎನಿಸಿತು.

ವಿಗ್ರಹಗಳನ್ನು ದುರಸ್ತಿ ಮಾಡಿದ ಬಡಗಿಯನ್ನು ವಿಚಾರಿಸಿದರು.

"ಇದು ಎಲ್ಲಿಂದ ತಂದಿದ್ದು?"

"ಹಳೇ ಹೆರಿಗೆ ಆಸ್ಪತ್ರೆ ಕೆಡವಿದ್ರಲ್ಲ ಸಾರ್, ಅಲ್ಲಿಂದ."

"ನಿನ್ನೆ ಯಾರು ಬಂದಿದ್ರು?"

"ಮಧ್ಯಾಹ್ನ ಪೀಠದ ಬಟ್ಟೆಗೆ ಅಳತೆ ತಗೊಳ್ಳೋಕೆ ಟೈಲರಮ್ಮ ಬಂದಿದ್ರು. ಅವರೂ ಇದನ್ನೇ ಕೇಳಿದ್ರು. ಹೇಳಿದ್ದೇ ತಡ, ನೆಲದ ಮೇಲೆ ಕುಸಿದು ಕೂತ್ರು. ನೀರು ತರೋಕೆ ಹೋದೆ. ಬರೋಷ್ಟರಲ್ಲಿ ಹೊರಟೋಗಿದ್ರು. ನಾನು ವಿಗ್ರಹದ ಕಡೆ ನೋಡ್ಲೇ ಇಲ್ಲ."

ಸಂಜೆ 4.30. ಬಾಗಿಲು ತೆರೆದ ಟೈಲರಮ್ಮನಿಗೆ ಅರವತ್ತು ದಾಟಿತ್ತು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಮಾತಾಡಿ," ಎಂದಳು.

ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲಿ ಬಾಲಯೇಸು ಮಲಗಿದ್ದ. ಮೈಮೇಲೆ ಹೊಸದಾಗಿ ಹೊಲಿದ ಅಂಗಿ, ಎದೆಯವರೆಗೆ ಹೊದಿಕೆ. ಹೆಡ್ ಕಾನ್‌ಸ್ಟೆಬಲ್ ಒಂದು ಹೆಜ್ಜೆ ಹಿಂದೆ ಸರಿದಳು.

"ಯಾಕಮ್ಮಾ ತಂದ್ರಿ?" ಇನ್‌ಸ್ಪೆಕ್ಟರ್ ದನಿಯೂ ತಾನಾಗಿ ತಗ್ಗಿತ್ತು.

"ಮೂವತ್ತೆಂಟು ವರ್ಷ ಆಯ್ತು. ಆ ಆಸ್ಪತ್ರೇಲಿ ನಂಗೆ ಸತ್ತ ಮಗು ಹುಟ್ತು. ನೋಡಿದ್ರೆ ತಡ್ಕೊಳ್ಳಲ್ಲ ಅಂತ ನಂಗೆ ತೋರಿಸ್ದೇನೇ ಮಣ್ಣು ಮಾಡಿಬಿಟ್ರು. ನಾನು ಹಟ ಹಿಡಿದಾಗ ಸಿಸ್ಟರ್ ಕೈ ಹಿಡ್ಕೊಂಡು ಹೋಗಿ ಆ ವಿಗ್ರಹದ ಮುಂದೆ ನಿಲ್ಸಿದ್ರು. 'ಥೇಟ್ ಹೀಗೇ ಇದ್ದ ಕಣಮ್ಮ' ಅಂದ್ರು." ಅವಳು ಹೊದಿಕೆ ಸರಿಮಾಡಿದಳು. "ನಂಗೆ ಗೊತ್ತಿರೋ ಮುಖ ಇದೊಂದೇ ಸಾರ್."

5.10ಕ್ಕೆ ಜಪ್ತಿ ಪಂಚನಾಮೆ ಮುಗಿಸಿ ಆಕೆಯನ್ನು ಬಂಧಿಸಲಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ತುಂಬ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ಬರೆದರು: ಲಾಭಕ್ಕಲ್ಲ.

ಜೀಪು ಹತ್ತುವಾಗ ಆಕೆ, ಬಾಲಯೇಸುವನ್ನು ಎತ್ತಿಕೊಂಡು ಬರುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿ ನೋಡಿದಳು.

"ಕತ್ತು ಹುಷಾರು, ತಾಯಿ."

ಹೆಡ್ ಕಾನ್‌ಸ್ಟೆಬಲ್ ಅಂಗೈ ಆಗಲೇ ಆ ಮರದ ಕತ್ತಿನ ಕೆಳಗಿತ್ತು.