ಜಾಡಿಯಲ್ಲಿದ್ದ ಮೀನಿನ ಬಾಯಿ

"ಶೇಕ್ದಾರ್ರೇ, ನನ್ ಗಂಡನ್ನ ನಾಳೆ ದುರ್ಗದ ಕೋರ್ಟಿಗೆ ಕರ್ಕಂಡು ಹೋಗ್ತಾರಂತೆ. ಅವ್ನು ಕೊಲೆ ಮಾಡಿಲ್ರೀ! ನೀವೇ ಕಾಪಾಡ್ಬೇಕು."

ಬಾಗಿಲಲ್ಲೇ ಕುಸಿದು ಕೂತ ಹುಲಿಗೆಮ್ಮನನ್ನು ನೋಡಿ ಗಂಗಾಧರಪ್ಪನವರು ತಾಂಬೂಲದ ತಟ್ಟೆಯನ್ನು ಪಕ್ಕಕ್ಕಿಟ್ಟರು. 1909ರ ಮಾತಿದು. ನಾನು ಆಗ ಹಿರಿಯೂರಿನಲ್ಲಿ ಕಾಂಪೌಂಡರ್ ಆಗಿದ್ದೆ. ಗಂಗಾಧರಪ್ಪನವರು ಕಂದಾಯ ಇಲಾಖೆಯ ಶೇಕ್ದಾರಿಕೆಯಿಂದ ನಿವೃತ್ತರಾಗಿ ನನ್ನ ಪಕ್ಕದ ಮನೆಯಲ್ಲಿದ್ದರು. ಕಳ್ಳತನ, ಕೊಲೆ ಏನೇ ಆದರೂ ಸುತ್ತಲ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ.

ಹಿಂದಿನ ದಿನ ಮಾರಿಕಣಿವೆ ಕಟ್ಟೆಯ ಮೇಲೆ ಓವರ್ಸೀಯರ್ ಅಂಜನಪ್ಪನ ಹೆಣ ಸಿಕ್ಕಿತ್ತು. ಕುತ್ತಿಗೆಯ ಗಾಯ ತೊಳೆದವನು ನಾನೇ. ಎಷ್ಟೋ ಗಾಯ ನೋಡಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ಚರ್ಮ ಸಾಲುಹಲ್ಲಿನಿಂದ ಹರಿದಂತಿತ್ತು. ದಫೇದಾರ ತಿಮ್ಮರಾಯಪ್ಪ ಬೆಸ್ತರ ಕೆಂಚಣ್ಣನ ಗುಡಿಸಲು ಶೋಧಿಸಿದಾಗ, ರಕ್ತ ಮೆತ್ತಿದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಸತ್ತ ಮೀನು ಸಿಕ್ಕಿತು.

ಅದು ಕಟ್ಟೆಯ ಬಂಗಲೆಯಿಂದ ಕದ್ದ ಮೀನು. ಕಟ್ಟೆಯ ಇಂಜಿನಿಯರ್ ಹಾರ್ಟ್ಲಿ ದೊರೆ ಆಗ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದರು. ಅವರು ಹಿಂದೆ ದಕ್ಷಿಣ ಅಮೇರಿಕಾದ ಹೊಳೆಯಿಂದ ತಂದ ಎರಡು ಮೀನುಗಳನ್ನು ಸ್ಪಿರಿಟ್ ಜಾಡಿಗಳಲ್ಲಿ ಇಟ್ಟಿದ್ದರು. ಒಂದು ಪಿರಾನ, ಮಾಂಸ ಹರಿದು ತಿನ್ನುವ ಮೀನು. ಅಲ್ಲಿಯ ಕಾಡುಜನ ಅದರ ದವಡೆಯನ್ನೇ ಕತ್ತರಿಯಾಗಿ ಬಳಸುತ್ತಾರೆಂಬ ಸುದ್ದಿ ಕಟ್ಟೆಯ ಕೂಲಿಗಳವರೆಗೂ ಹಬ್ಬಿತ್ತು. ಅದರ ಹಲ್ಲಿನಿಂದಲೇ ಕೆಂಚಣ್ಣ ಕೊಲೆ ಮಾಡಿದನೆಂದು ದಫೇದಾರ ತೀರ್ಮಾನಿಸಿದ.

ಕೆಂಚಣ್ಣನ ಮೇಲೆ ಅನುಮಾನ ಬರಲು ಕಾರಣವೂ ಇತ್ತು. ಮೂರು ವಾರದ ಹಿಂದೆ, ತಮಟೆ ಹೊಡೆಸಿ ಎಚ್ಚರಿಸದೆ ತೂಬು ಎತ್ತಿದ್ದರು. ಕೆಳಗೆ ಬಟ್ಟೆ ಒಗೆಯುತ್ತಿದ್ದ ಅವನ ಮಗಳು ಮುದ್ದಕ್ಕ ಕೊಚ್ಚಿಹೋದಳು. "ತೂಬು ಎತ್ತಿದವನು ಓವರ್ಸೀಯರ್, ಅವನ ಕುತ್ತಿಗೆ ಕುಯ್ತೀನಿ" ಎಂದು ಕೆಂಚಣ್ಣ ನೂರು ಜನರ ಎದುರು ಕೂಗಿದ್ದ.

"ಕಾಂಪೌಂಡರ್ರೇ, ಹೋಗಾಣ ನಡೀರಿ" ಎಂದರು ಗಂಗಾಧರಪ್ಪನವರು. ನನಗೆ ನಗು ಬಂತು. ಮೀನಿನ ವಾಸನೆ ಬಂದರೆ ಬೀದಿಯನ್ನೇ ಬದಲಿಸುವ ಶಿವಭಕ್ತರಿಗೆ ಸಿಕ್ಕಿದ್ದು ಮೀನಿನ ಮೊಕದ್ದಮೆ!

ಬಂಗಲೆಯಲ್ಲಿ ಗುಮಾಸ್ತ ಮುರುಗಪ್ಪ ಎದುರಾದ. ಹೊಳಲ್ಕೆರೆ ಕಡೆಯವನು, ನನ್ನ ಆಪ್ತ ಗೆಳೆಯ. ಪ್ರತಿ ಭಾನುವಾರ ನನ್ನ ಮನೆಯ ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದವನು. "ಪಾಪ, ಕೆಂಚಣ್ಣನಿಗೆ ದುರ್ಗದಲ್ಲಿ ಒಬ್ಬ ವಕೀಲರನ್ನ ಗೊತ್ತು ಮಾಡ್ತೀನಿ" ಎಂದ. ಎಂಥ ಒಳ್ಳೆಯವನು ಅನ್ನಿಸಿತು.

ಮೇಜಿನ ಮೇಲೆ ಎರಡು ಜಾಡಿಗಳಿದ್ದವು. 'ಪಿರಾನ' ಎಂಬ ಇಂಗ್ಲಿಷ್ ಚೀಟಿಯ ಜಾಡಿ ಬರಿದಾಗಿತ್ತು. 'ಪಾಕು' ಎಂಬ ಚೀಟಿಯದರಲ್ಲಿ ಬಣ್ಣಗೆಟ್ಟ ಅಗಲವಾದ ಮೀನು ತೇಲುತ್ತಿತ್ತು. ಎರಡು ಚೀಟಿಗಳ ಅಂಟೂ ಹೊಸದು. ಗಂಗಾಧರಪ್ಪನವರು ಉಗುರಿನಿಂದ ಅದನ್ನು ಕೆರೆದು ನೋಡಿದರು.

"ಶೀತಕ್ಕೆ ಚೀಟಿ ಬಿದ್ದೋಗಿದ್ವು ಬುದ್ಧಿ" ಎಂದ ಬಂಗಲೆಯ ಜವಾನ ಹನುಮಂತಯ್ಯ. "ಗುಮಾಸ್ತರು ಹೊಸದಾಗಿ ಬರ್ದು ಅಂಟಿಸಿದ್ರು. ನಂಗೆ ಅಕ್ಸರ ಬರಾಕಿಲ್ಲ. ಆದ್ರೆ ದೊರೆ ಕಚ್ಚೋ ಮೀನಿನ ಬಾಯಿ ತೆಗ್ದು ತೋರ್ಸಿದ್ರು. ಮುಖ ನೋಡಿದ್ರೆ ಸಾಕು, ನಂಗೆ ಗೊತ್ತಾಗ್ತೈತೆ."

"ಈ ಕೋಣೆಯ ಬೀಗದ ಕೈ?"

"ನನ್ತವ ಒಂದು, ಗುಮಾಸ್ತರ ತವ ಒಂದು."

"ಅಂಜನಪ್ಪ ಸಾಯೋಕ್ ಮುಂಚೆ ಇಲ್ಲಿಗೆ ಬಂದಿದ್ನಾ?"

"ಹಿಂದಿನ ದಿನ ಬಂದಿದ್ರು ಬುದ್ಧಿ. ತಮಟೆಯವನ್ನ ಕರೆಸಿ, ತೂಬು ಎತ್ತಿದ್ ದಿನ ತಮಟೆ ಹೊಡಿ ಅಂತ ನಿಂಗೆ ಚೀಟಿ ಬಂದಿತ್ತಾ ಅಂತ ಕೇಳ್ತಿದ್ರು."

ಸಂಜೆಯೊಳಗೆ ಎಲ್ಲರೂ ಬಂಗಲೆಯ ಜಗಲಿಯಲ್ಲಿ ಸೇರಿದರು. ದಫೇದಾರ, ಮುರುಗಪ್ಪ, ಹನುಮಂತಯ್ಯ, ಹುಲಿಗೆಮ್ಮ, ಜೊತೆಗೆ ಬೇಡಿ ತೊಟ್ಟ ಕೆಂಚಣ್ಣ. ಗುಡಿಸಲಲ್ಲಿ ಸಿಕ್ಕ ಮೀನು ಒಂದು ತಟ್ಟೆಯಲ್ಲಿತ್ತು, ಜಾಡಿಯ ಮೀನು ಇನ್ನೊಂದರಲ್ಲಿತ್ತು.

"ದಫೇದಾರ್ರೇ, ಈ ಗುಡಿಸಲಿನ ಮೀನಿನ ಬಾಯಿ ನೋಡಿದ್ರಾ?"

ತಿಮ್ಮರಾಯಪ್ಪ ಮುಖ ಸಿಂಡರಿಸಿದ. "ನಾನು ಮುಟ್ಟಾದುಂಟಾ ಸ್ವಾಮಿ! ಬಟ್ಟೆಲೇ ಹಿಡ್ಕಂಡು ತಂದೆ."

ಆಗ ಗಂಗಾಧರಪ್ಪನವರು ಹಣೆಗೆ ಹಚ್ಚಿದ್ದ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡು, ಬರಿಗೈಯಲ್ಲೇ ಆ ಮೀನಿನ ತುಟಿ ಸರಿಸಿದರು. ನಾನು ಬೆಚ್ಚಿಬಿದ್ದೆ. ಒಳಗಿದ್ದವು ಮೊಂಡು ಹಲ್ಲುಗಳು, ಥೇಟ್ ನಮ್ಮ ದವಡೆ ಹಲ್ಲಿನ ಹಾಗೆ!

"ಈಗ ಜಾಡಿಯದು. ನಿಮ್ಮ ಬೆರಳು ಕೊಡ್ರಿ, ಕಾಂಪೌಂಡರ್ರೇ."

ಸತ್ತ ಮೀನು ತಾನೇ ಎಂದು ಧೈರ್ಯವಾಗಿ ತೂರಿಸಿದೆ. ಅಯ್ಯೋ! ಬೆರಳಿನಿಂದ ರಕ್ತ ಚಿಮ್ಮಿತು.

"ದೊರೆಯ ಟಿಪ್ಪಣಿ ಪುಸ್ತಕ ಬೀರುವಿನಲ್ಲೇ ಇತ್ತು" ಎಂದರು ಗಂಗಾಧರಪ್ಪನವರು. "ಈ ಜಾಡಿಯ ಮೀನು ಪಿರಾನಗಳಲ್ಲೇ ಅಪರೂಪದ ಜಾತಿಯಂತೆ. ಸ್ಪಿರಿಟ್‌ನಲ್ಲಿ ಬಣ್ಣ ಕೆಟ್ಟರೆ ಬಲ್ಲವರೂ ಪಾಕು ಅಂತ ಮೋಸ ಹೋಗ್ತಾರಂತೆ. ಬಣ್ಣ ಬೇಡ, ಹಲ್ಲು ನೋಡಿ ಅಂತ ಬರ್ದಿದಾರೆ. ಪಾಕು ಕಾಯಿ ಕಡಿಯೋ ಮೀನು. ಅದರಿಂದ ಬಾಳೆಹಣ್ಣೂ ಕುಯ್ಯಕ್ಕಾಗಲ್ಲ. ಅಂದಮೇಲೆ ಕತ್ತು ಕುಯ್ದಿದ್ದು ಬೇರೆ ಆಯುಧ. ಕೆಂಚಣ್ಣನ ತಲೆಗೆ ಕಟ್ಟೋಕೆ ಈ ಮೀನನ್ನ ಅಲ್ಲಿ ಇಟ್ಟರು. ಇಟ್ಟವರು ಯಾರು?"

ಗಂಗಾಧರಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಮುಂದುವರಿಸಿದರು.

"ಕೆಂಚಣ್ಣ ದಿನಾ ಮೀನು ಹಿಡಿಯೋನು, ಬಾಯಿ ನೋಡದೆ ಮೀನು ಎತ್ತಲ್ಲ. ಹನುಮಂತಯ್ಯ ಓದೋನಲ್ಲ, ಮುಖ ನೋಡಿ ಗುರುತು ಹಿಡಿಯೋನು. ಕದಿಯೋದಾಗಿದ್ರೆ ಸರಿಯಾದ ಮೀನನ್ನೇ ಕದೀತಿದ್ದ. ಕದ್ದವನು ಚೀಟಿ ನಂಬಿದ. ಆ ಚೀಟಿಗಳೋ ಅಂಟಿಸುವಾಗಲೇ ಅದಲುಬದಲಾಗಿದ್ವು. ಓದೋಕೆ ಬರೋನು, ಬೀಗದ ಕೈ ಇರೋನು, ನನ್ನ ಹಾಗೇ ಮೀನಿನ ಗುರುತೇ ಇಲ್ಲದೋನು ಇಲ್ಲಿ ಒಬ್ಬನೇ. ಕಟ್ಟೆಯ ಉಗ್ರಾಣದ ಲೆಕ್ಕ ನೋಡಿದೆ, ಒಂದು ಗರಗಸದ ಅಲಗು ಕಾಣ್ತಿಲ್ಲ. ಉಗ್ರಾಣದ ಬೀಗವೂ ನಿನ್ನ ಹತ್ರಾನೇ ಅಲ್ವಾ, ಮುರುಗಪ್ಪ?"

ಸುಳ್ಳೆಂದು ಕೂಗಬೇಕೆನ್ನಿಸಿತು. ಆದರೆ ಮುರುಗಪ್ಪ ನನ್ನ ಕಡೆ ನೋಡಲಿಲ್ಲ, ಗೋಡೆಗೆ ಒರಗಿ ಕುಳಿತುಬಿಟ್ಟ.

"ಅವತ್ತು ತಮಟೆಯವನಿಗೆ ಚೀಟಿ ಕಳಿಸೋದು ಮರೆತೆ" ಎಂದ. "ಅಂಜನಪ್ಪ ಚೀಟಿ ಹೋಗಿದೆ ಅಂತ ನಂಬಿ ತೂಬು ಎತ್ತಿಸಿದ. ವಿಚಾರಣೇಲಿ ಹೇಳಬೇಡ ಅಂತ ಕಾಲು ಹಿಡಿದೆ. ಕೇಳಲಿಲ್ಲ. ಮಗಳನ್ನ ಕಳ್ಕೊಂಡೋರಿಗೆ ನಿಜ ಗೊತ್ತಾಗಬೇಕು ಅಂದ."

ಅಲಗನ್ನು ಬಂಗಲೆಯ ಬಾವಿಗೆ ಎಸೆದಿದ್ದನ್ನೂ ಅವನೇ ಹೇಳಿದ. ದಫೇದಾರ ಕೆಂಚಣ್ಣನ ಬೇಡಿ ಬಿಚ್ಚಿ ಮುರುಗಪ್ಪನ ಕೈಗೆ ಹಾಕಿದ. ಐದು ವರ್ಷ ಜೊತೆಯಲ್ಲಿ ಕೂತು ಆಡಿದವನು ಎಂಥವನೆಂದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು.

"ಏಳಪ್ಪ ಕೆಂಚಣ್ಣ, ಮನೆಗೆ ಹೋಗು" ಎಂದರು ಗಂಗಾಧರಪ್ಪನವರು.

ಕೆಂಚಣ್ಣ ಏಳಲಿಲ್ಲ. ಹುಲಿಗೆಮ್ಮ ತೋಳು ಹಿಡಿದು ಎಳೆದರೂ ಅಲ್ಲಾಡಲಿಲ್ಲ.

"ಓವರ್ಸೀಯರ್ ಸಾಹೇಬ್ರ ಹೆಣ ಎಲ್ಲೈತ್ರೀ?" ಎಂದು ಕೇಳಿದ.

"ಹೊಸದುರ್ಗದಿಂದ ಅವರಣ್ಣ ಗಾಡಿ ತಂದಿದಾನೆ. ಇನ್ನೇನು ಹೊರಡಬೇಕು" ಎಂದ ದಫೇದಾರ.

"ನನ್ ಮಗಳ ಪರವಾಗಿ ಮಾತಾಡೋಕ್ ಹೋಗಿ ಸತ್ತವ್ನೆ. ನಾನು ಊರ ಮುಂದೆ ಬಾಯಿಗೆ ಬಂದಂಗೆ ಬೈದುಬಿಟ್ಟೆ." ಅವನು ಈಗ ಎದ್ದು ನಿಂತ. "ಗಾಡಿ ತಡೀರಿ ಸ್ವಾಮಿ. ನಾನೂ ಹೆಗಲು ಕೊಡ್ತೀನಿ."