ಚಿಲಕಕ್ಕೆ ಎಣ್ಣೆ ಹಾಕಿದ್ದು ಯಾಕೆ?

"ಇನ್ನು ಈ ಕಡೆ ಬರಬೇಡಿ" ಎಂದು ಕಾದಂಬರಿಯ ನಾಯಕಿ ನಾಯಕನಿಗೆ ಪತ್ರ ಬರೆಯುವ ಸಾಲನ್ನು ಅವಳು ಮೈಕ್ ಮುಂದೆ ಕಿಡಿ ಕಾರುತ್ತಾ ಓದಿದಳು. ತನಗೆ ತಾನೇ ಶಭಾಷ್ ಹೇಳಿಕೊಳ್ಳುವಷ್ಟರಲ್ಲಿ ಹೆಡ್‌ಫೋನಿನಲ್ಲಿ ಗಾಜಿನಾಚೆಯ ದನಿ ಬಂತು.

"ಇವಳಿಗೆ ಯಾರ ಮೇಲೆ ಸಿಟ್ಟು?"

"ಅವನ ಮೇಲೆ! ಬರಬೇಡಿ ಅಂತ ಬರ್ದಿದಾಳಲ್ಲ."

"ಹಾಗಾದ್ರೆ ಹಿಂದಿನ ಅಧ್ಯಾಯದಲ್ಲಿ ಬಾಗಿಲಿನ ಚಿಲಕಕ್ಕೆ ಎಣ್ಣೆ ಹಾಕಿದ್ದು ಯಾಕೆ?"

ಯಾವ ಚಿಲಕ, ಯಾವ ಎಣ್ಣೆ? ಹಿಂದಿನ ದಿನ ಅದೇ ಪುಟವನ್ನು ಒಂದೂ ತಪ್ಪಿಲ್ಲದೆ ಓದಿದ್ದವಳು ಅವಳೇ. ತಿರುವಿ ನೋಡಿದರೆ ಸಾಲು ಅಲ್ಲೇ ಇತ್ತು. ಗಾಜಿನಾಚೆ ಸೌಂಡ್ ಎಂಜಿನಿಯರ್ ನಗು ಅದುಮಿಕೊಂಡು, ಏನೂ ಅರಿಯದವನಂತೆ ಯಾವುದೋ ಗುಂಡಿ ತಿರುಗಿಸುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಸುಳ್ಳೇಕೆ, ಆ ನಗು ಅವನಿಗೆ ಒಪ್ಪುತ್ತಲೂ ಇತ್ತು.

ಅಲ್ಲಿಯವರೆಗೆ ಅವಳ ದನಿಯ ಕೆಲಸ ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವುದಷ್ಟೇ ಆಗಿತ್ತು. ಆಡಿಯೋ ಪುಸ್ತಕ ಇದೇ ಮೊದಲು. ಆದರೆ ಪ್ರಕಾಶಕಿ ಮೊದಲ ಅಧ್ಯಾಯ ಕೇಳಿ ಮುಖಕ್ಕೆ ಹೊಡೆದಂತೆ ಹೇಳಿದ್ದರು: "ದನಿ ಜೇನು, ಓದು ಸಪ್ಪೆ. ಶುಕ್ರವಾರ ಪತ್ರದ ಅಧ್ಯಾಯ ನನ್ನೆದುರೇ ಓದಿ. ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ."

ಟೀ ಹೊತ್ತಿಗೆ ಅವಳು ಎಂಜಿನಿಯರನ್ನು ನೇರವಾಗಿಯೇ ಕೇಳಿದಳು. "ನನಗೆ ಓದೋಕೆ ಬರಲ್ವಾ?"

"ಬರುತ್ತೆ. ಆದ್ರೆ ಬಸ್ಸಲ್ಲಿ ಕೂತು ಊರು ನೋಡೋ ಹಾಗೆ ಓದ್ತೀರಿ. ಇಳಿದು ನಾಲ್ಕು ಮನೆ ಬಾಗಿಲು ತಟ್ಟಬೇಕು."

ಅವನು ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದುಕೊಟ್ಟ. "ಮೊದಲನೇ ಸಲ ಕಥೆಗೋಸ್ಕರ ಓದಿ. ಎರಡನೇ ಸಲ 'ಯಾಕೆ' ಅನ್ನಿಸಿದ ಕಡೆಯೆಲ್ಲ ಗುರುತು ಹಾಕಿ. ಉತ್ತರಾನ ಪುಸ್ತಕದಲ್ಲೇ ಹುಡುಕಿ, ನನ್ನ ಕೇಳ್ಬೇಡಿ."

"ಕೇಳಿದ್ರೆ?"

"ಕೇಳಿದ್ರೆ ಹೇಳಿಬಿಡ್ತೀನಿ. ಅದೇ ಕಷ್ಟ."

ಇದನ್ನು ಹೇಳುವಾಗ ಅವನು ಅವಳನ್ನಲ್ಲ, ಟೀ ಲೋಟವನ್ನು ನೋಡುತ್ತಿದ್ದ.

ಮುಂದಿನ ನಾಲ್ಕು ದಿನ ಅವಳು ಪುಸ್ತಕ ಕೆಳಗಿಡಲಿಲ್ಲ. "ಪರೀಕ್ಷೆಗೂ ನೀನು ಹೀಗೆ ಓದಿದ್ದು ನಾನು ಕಾಣೆ. ಯಾರೇ ಆ ಮೇಷ್ಟ್ರು?" ಎಂದರು ಅಮ್ಮ.

"ಮೇಷ್ಟ್ರಲ್ಲಮ್ಮ, ಎಂಜಿನಿಯರ್."

"ನಾನು ಕೆಲ್ಸ ಕೇಳ್ಲಿಲ್ಲ," ಎಂದು ಅಮ್ಮ ಮುಸಿಮುಸಿ ನಕ್ಕರು.

ಗುರುವಾರ ಅವಳು ಸ್ಟುಡಿಯೋಗೆ ಓಡಿಕೊಂಡೇ ಬಂದಳು. "ಸಿಕ್ತು ರೀ! ಇವಳಿಗೆ ನಿಜವಾಗಿ ಸಿಟ್ಟು ಬಂದಾಗೆಲ್ಲ ಮಾತು ನಿಂತುಹೋಗುತ್ತೆ. ಮೂರು ಕಡೆ ಇದೆ, ನೋಡಿ. ಇಲ್ಲಿ ಮಾತ್ರ ಎರಡು ಪುಟ ಬರ್ದಿದಾಳೆ. ಇದು ಸಿಟ್ಟಲ್ಲ. ಅವನು ಬರ್ಲಿ ಅಂತಾನೇ ಚಿಲಕಕ್ಕೆ ಎಣ್ಣೆ ಹಾಕಿದ್ದು, ಆದ್ರೆ ಬಂದು ಮತ್ತೆ ಹೊರಟುಹೋದ್ರೆ ಅನ್ನೋ ಭಯ."

ಅವನು ಮೂರೂ ಪುಟ ತಿರುವಿ ನೋಡಿದ. "ಮೂರು ಸಲ ಓದಿದೀನಿ, ನನಗೇ ಇದು ಹೊಳೆದಿರ್ಲಿಲ್ಲ," ಎಂದ. ಆ ಮಾತು ಕೇಳಿ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಶುಕ್ರವಾರ ಪ್ರಕಾಶಕಿ ಕೈಕಟ್ಟಿ ಅವನ ಪಕ್ಕ ಕುಳಿತರು. ಈ ಸಲ ಅವಳು ಕಿಡಿ ಕಾರಲಿಲ್ಲ. ಮೆಲ್ಲಗೆ, ನಾಯಕ ಈ ಮಾತು ಪಾಲಿಸದಿರಲಿ ಎಂದು ಹಾರೈಸುವವಳಂತೆ "ಬರಬೇಡಿ" ಎಂದಳು. ಅಧ್ಯಾಯ ಮುಗಿದಾಗ ಪ್ರಕಾಶಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಡೀ ಪುಸ್ತಕ ನೀವೇ ಓದ್ಬೇಕು. ಮುಂದಿನ ಎರಡು ಪುಸ್ತಕಾನೂ ನಿಮಗೇ," ಎಂದು ಹೇಳಿ ಹೊರಟರು. ಗೆದ್ದೆ ಎಂದು ಕೂಗಬೇಕೆನಿಸಿತು ಅವಳಿಗೆ. ಆದರೆ ಹೆಡ್‌ಫೋನ್ ತೆಗೆಯದೆ ಗಾಜಿನತ್ತ ತಿರುಗಿದಳು.

"ಎಂಜಿನಿಯರ್ ಸಾಹೇಬ್ರೇ, ಇನ್ನೊಂದು ಓದಿದೀನಿ. ಬೇರೆಯವರ ರೆಕಾರ್ಡಿಂಗ್ ಮುಗಿದ್ರೆ ಐದೇ ನಿಮಿಷಕ್ಕೆ ಬೀಗ ಹಾಕ್ತೀರಂತೆ, ರಿಸೆಪ್ಷನ್ ಅಕ್ಕ ಹೇಳಿದ್ರು. ನನ್ನದು ಮುಗಿದಾಗ ಮಾತ್ರ ದಿನಾ ಒಂದು ಕೇಬಲ್ ಕೆಡುತ್ತೆ. ಬುಧವಾರ ನಿಮಗೆ ರಜಾ, ಆದ್ರೂ ಬಂದ್ರಿ. ಸೌಂಡ್ ನೋಡ್ಕೊಳ್ಳೋರು ಇಡೀ ಕಾದಂಬರೀನ ಮೂರು ಸಲ ಓದೋದ್ಯಾಕೆ?"

ಅವನ ಕಿವಿ ಕೆಂಪಾಯಿತು. ಮಾತಾಡುವ ಗುಂಡಿ ಒತ್ತಿ, ಬಿಟ್ಟು, ಮತ್ತೆ ಒತ್ತಿದ. "ಸರಿಯಾಗೇ ಓದಿದೀರಿ."

"ಅಷ್ಟು ಸಾಲದು. ನಾಲ್ಕು ದಿನದಿಂದ ಒಳಾರ್ಥ ಹುಡುಕಿ ಸಾಕಾಗಿದೆ ನನಗೆ. ಬಾಯಿಬಿಟ್ಟು ಹೇಳಿ."

ಅವನು ಎದ್ದ. ದಪ್ಪ ಬಾಗಿಲು ತಳ್ಳಿಕೊಂಡು ಒಳಬಂದು ಅವಳೆದುರು ನಿಂತ.

"ನೀವಂದ್ರೆ ನನಗೆ ತುಂಬಾ ಇಷ್ಟ."

"ನನಗೂ," ಎಂದಳು ಅವಳು, ಕಣ್ತುಂಬ ನಗುತ್ತಾ. "ಆದ್ರೆ ಗಡಿಬಿಡಿಯಲ್ಲಿ ಹೇಳಿದ್ರಿ. ಇನ್ನೊಂದ್ಸಲ, ನಿಧಾನವಾಗಿ."

ಅವನು ಅವಳ ಕೈ ಹಿಡಿದು, ಇನ್ನೊಮ್ಮೆ, ನಿಧಾನವಾಗಿ ಹೇಳಿದ.