ಅಂಬಾಸಿಡರಿಗೆ ಕೂಡಿಸಿದ ಫ್ಯಾನು

"ಮುಟ್ಟಬ್ಯಾಡ್ರಿ ಅದನ್ನ," ಎಂದು ಅಂಬ್ರಪ್ಪ ತನ್ನ ಗ್ಯಾರೇಜ್ ಅಂಗಡಿಯೊಳಗಿನಿಂದಲೇ ಕೂಗಿದ.

ರಸ್ತೆಯ ಆಚೆ ನಿಂತ ಹಳೆಯ ಬಿಳಿ ಅಂಬಾಸಿಡರಿನ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದಳು. ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಅವನು ಓಡಿಹೋಗಿ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದ. ಅವಳು ಕೈ ಕೊಸರಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

"ಗುರ್ತಿಲ್ಲದ ಹೆಣಮಕ್ಕಳ ಕೈ ಹಿಡಿಯೋದು ಶಹಾಪುರದಾಗ ವಾಡಿಕಿ ಅದನ?"

"ಮುಚ್ಚಳ ತಗದಿದ್ರ ಮಾರಿ ಸುಡ್ತಿತ್ರಿ."

ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದ ಮುದುಕ ದಣಿದ ದನಿಯಲ್ಲಿ ನಕ್ಕ. "ಬೈಬ್ಯಾಡ ದೇವಕಿ. ಮಾರಿ ಉಳಿಸ್ಯಾನ."

ಮುದುಕ ಹಣಮಂತ್ರಾಯ, ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈ ಕಾರನ್ನು ಆ ಆಫೀಸಿನ ಹರಾಜಿನಲ್ಲೇ ಕೊಂಡಿದ್ದ. ಈಗ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಪ್ರತಿ ಸೋಮವಾರ, ಗುರುವಾರ ಸುರಪುರದಿಂದ ಯಾದಗಿರಿಗೆ ಡಯಾಲಿಸಿಸ್ಸಿಗೆ ಹೋಗಬೇಕು. ಬಸ್ಸಿನ ಕುಲುಕಾಟ ಅವನಿಗೆ ಆಗುತ್ತಿರಲಿಲ್ಲ. ಸುರಪುರದಲ್ಲಿ ಟೀಚರ್ ಆಗಿದ್ದ ಮಗಳು ದೇವಕಮ್ಮ ಅಪ್ಪನಿಗಾಗಿಯೇ ಡ್ರೈವಿಂಗ್ ಕಲಿತಿದ್ದಳು.

ಅಂಬ್ರಪ್ಪ ಇಂಜಿನ್ ಆರುವ ತನಕ ಕಾದು, ಹಸಿ ಗೋಣಿಚೀಲ ಸುತ್ತಿ ಮುಚ್ಚಳ ತೆಗೆದು ನೀರು ತುಂಬಿದ.

"ಈಗಿರೋ ಫ್ಯಾನು ಇಂಜಿನ್ ಬೆಲ್ಟಿಗೆ ತಿರಗ್ತದ್ರಿ ಮೇಡಮ್ಮರ. ಇಂಜಿನ್ ಮೆಲ್ಲಕ ಓಡಿದ್ರ ಅದೂ ಮೆಲ್ಲಕ. ಅದನ್ನ ತಗದು ಕರೆಂಟಿನ ಫ್ಯಾನ್ ಕೂಡಿಸಿದ್ರ, ನೀರು ಬಿಸಿ ಆದ ಕೂಡ್ಲೆ ತಾನ ಚಾಲೂ ಆಗ್ತದ."

ಮುಂದಿನ ಗುರುವಾರಕ್ಕೆ ಎರಡು ಫ್ಯಾನು ತರಿಸಿಟ್ಟಿದ್ದ. ಒಂದು ದೊಡ್ಡದು, ಒಂದು ತೆಳ್ಳಗಿನದು. ದೇವಕಮ್ಮ ದೊಡ್ಡದನ್ನೇ ತೋರಿಸಿದಳು.

"ಅದು ಇಂಜಿನ್ನಿಗೆ ಬಡಿತದ್ರಿ. ಕರೆಂಟೂ ಭಾಳ ತಿಂತದ, ಬ್ಯಾಟರಿ ತಾಳೂದಿಲ್ಲ. ಈ ಸಣ್ಣದನ್ನ ರೇಡಿಯೇಟರ್ ಹಿಂದ ಕೂಡಸ್ತೀನಿ. ಮುಂದಿನ ಗಾಳಿನ ಒಳಗ ಎಳಕೋತದ."

"ನಾ ತೋರ್ಸಿದ್ದು ಒಂದೂ ಸರಿ ಇಲ್ಲ ಅಂತೀರಿ."

"ಕಾರು ತೋರ್ಸಿದ್ರಲ್ಲ. ಅದು ಸರಿ ಅದ."

ಅವಳು ನಗು ತಡೆಯಲು ಕೆಳದುಟಿ ಕಚ್ಚಿಕೊಂಡಳು. ಅಂಬ್ರಪ್ಪನಿಗೆ ಅದು ಕಂಡಿತು. ಕಂಡದ್ದು ಅವಳಿಗೂ ಗೊತ್ತಾಯಿತು.

ಫ್ಯಾನು ಕೂಡಿಸಿದ ಮೇಲೆ ಅವನು ಒಂದು ಕಾಗದ ತಂದು ಮುಂದಿನ ಜಾಲರಿಗೆ ಹಿಡಿದ. ಕಾಗದ ಗಪ್ಪನೆ ಅಂಟಿಕೊಂಡಿತು. "ಗಾಳಿ ಒಳಗ ಹೊಂಟದ. ವೈರ್ ಅದಲ್ ಬದಲ್ ಆದ್ರ ಫ್ಯಾನ್ ಉಲ್ಟಾ ತಿರಗ್ತದ್ರಿ. ಅದಕ್ಕ ಹಿಂಗ ನೋಡ್ಲಾರ್ದ ನಾ ಯಾವ ಗಾಡಿನೂ ಬಿಡೂದಿಲ್ಲ."

ಆಮೇಲೆ ಗುರುವಾರವೆಂದರೆ ಅಂಬ್ರಪ್ಪ ಬೆಳಿಗ್ಗೆಯೇ ಒಗೆದ ಅಂಗಿ ತೊಡುತ್ತಿದ್ದ. ಸೋಮವಾರ ಶಹಾಪುರದ ಗ್ಯಾರೇಜುಗಳೆಲ್ಲ ಬಂದ್. ಉಳಿಯುತ್ತಿದ್ದುದು ಆ ಒಂದೇ ದಿನ. ಕಾರು ನಿಲ್ಲುತ್ತಿತ್ತು, ಹಣಮಂತ್ರಾಯ ಚಹಾದ ಬದಲು ಎರಡು ಗುಟುಕು ನೀರು ಕುಡಿಯುತ್ತಿದ್ದ, ದೇವಕಮ್ಮ ಬೆಂಚಿನ ಮೇಲೆ ಕೂತು ಅವನು ಸುಮ್ಮನೆ ಬಿಗಿಯುವ ಬೋಲ್ಟುಗಳನ್ನು ನೋಡುತ್ತಿದ್ದಳು. ಹೊರಡುವಾಗ ಕನ್ನಡಿಯಲ್ಲಿ ಅವಳ ಕಣ್ಣು ಅವನನ್ನು ಹುಡುಕಿ, ಸಿಕ್ಕ ಕೂಡಲೇ ರಸ್ತೆಗೆ ತಿರುಗುತ್ತಿತ್ತು.

ಏಪ್ರಿಲ್ ತಿಂಗಳ ಒಂದು ವಾರ ಅವಳು ಮಂಗಳವಾರ ಬಂದಳು.

"ನಿನ್ನಿ ಹೋಗ್ಲಿಲ್ರಿ?" ಅಂಬ್ರಪ್ಪ ಕೇಳಿದ.

"ಮಷೀನ್ ಖಾಲಿ ಇರ್ಲಿಲ್ಲ," ಎಂದಳು, ಅವನ ಮುಖ ನೋಡದೆ.

ಹಣಮಂತ್ರಾಯನ ಮುಖ ಊದಿತ್ತು. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ಫ್ಯಾನಿನ ವೈರು ಬಿಸಿಯಾಗಿ ಮೆತ್ತಗಾಗಿರುವುದು ಕಂಡು, ಅಂಬ್ರಪ್ಪ ಅದನ್ನು ಕಿತ್ತು ದಪ್ಪನೆಯ ಹೊಸ ವೈರು ಎಳೆದ. ಎರಡೂ ಎಳೆ ಕಪ್ಪು ಬಣ್ಣದವು. ಬೆಂಚಿನಿಂದ ದೇವಕಮ್ಮ ಮೆಲ್ಲಗೆ ಹೇಳಿದಳು: "ನಿಮ್ಮ ಕೈ ನೋಡ್ಕೋತ ಕುಂತ್ರ ನನಗ ದವಾಖಾನಿ ನೆನಪ ಆಗೂದಿಲ್ಲ."

ಅವನ ಕಣ್ಣು ಅವಳ ಕಡೆಗೇ ತಿರುಗಿತು. ವೈರು ಬಿಗಿದ, ಫ್ಯಾನು ತಿರುಗಿತು, ಬಾನೆಟ್ ಮುಚ್ಚಿದ. ಕಾರು ಕಾಣದಾಗುವವರೆಗೂ ನಿಂತು ನೋಡಿದ.

ಸಂಜೆ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ವಾಪಸು ಬಂತು. ಎಳೆದು ತಂದ ಲಾಲಪ್ಪ ಸುದ್ದಿ ಹೇಳಿದ. ಊರು ದಾಟಿ ಅರ್ಧ ದಾರಿಯಲ್ಲಿ ಇಂಜಿನ್ ಕುದಿದು ನಿಂತಿತ್ತು. ಆ ಟೀಚರಮ್ಮ ಬಾಟಲಿ ಹಿಡಿದು ಕಾಲುವೆಗೆ ಎರಡು ಸಲ ಓಡಿದಳಂತೆ. ಜೀಪೊಂದು ಸಿಗುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತು. ಮುದುಕ ದವಾಖಾನೆ ಮುಟ್ಟಲಿಲ್ಲ.

ಅಂಬ್ರಪ್ಪ ಕಾಗದ ತೆಗೆದುಕೊಂಡು ಜಾಲರಿಗೆ ಹಿಡಿದು ಫ್ಯಾನು ಚಾಲೂ ಮಾಡಿದ. ಕಾಗದ ಹಾರಿ ಅವನ ಎದೆಗೆ ಬಡಿಯಿತು. ನಿಂತ ಕಾರಿನಲ್ಲಿ ಗೊತ್ತಾಗದ ತಪ್ಪು, ಓಡುವಾಗ ಎದುರಿನ ಗಾಳಿಯನ್ನೆಲ್ಲ ಹೊರಗೇ ತಡೆದಿತ್ತು.

ಎರಡು ವೈರು ಅದಲು ಬದಲು ಮಾಡಲು ಒಂದು ನಿಮಿಷ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಆ ವೈರು ಮುಟ್ಟಲಿಲ್ಲ.

ಹದಿನೈದು ದಿನದ ಮೇಲೆ ದೇವಕಮ್ಮ ಕಾರು ಒಯ್ಯಲು ಬಂದಾಗ ಅವಳಿಗೆ ಅದನ್ನು ಹಾಗೆಯೇ ತೋರಿಸಿದ. "ನಾ ಉಲ್ಟಾ ಹಚ್ಚಿದ್ದೆ. ಕಾಗದ ಹಿಡದು ನೋಡ್ಲಿಲ್ಲ. ನೀವು ಅಂದ ಮಾತಿಗಿ ನನಗ ಮೈಮ್ಯಾಲ ಖಬರ್ ಇರ್ಲಿಲ್ಲ. ತಪ್ಪು ಮಾತ್ರ ನಂದ."

ಅವಳು ಬಹಳ ಹೊತ್ತು ಆ ಫ್ಯಾನನ್ನು ನೋಡಿದಳು. "ಇದು ಸರಿ ಇದ್ದಿದ್ರ ಅಪ್ಪ ಉಳೀತಿದ್ನ?"

"ನನಗ ಗೊತ್ತಿಲ್ರಿ."

ಅವಳು ಕಾರು ಬಿಟ್ಟು ಬಸ್ ಹತ್ತಿ ಹೋದಳು.

ಒಂದು ತಿಂಗಳು ಸುದ್ದಿಯಿರಲಿಲ್ಲ. ಅಂಬ್ರಪ್ಪ ದಿನಾ ಆ ಕಾರಿನ ಧೂಳು ಒರೆಸಿದ. ಒಂದು ಮಧ್ಯಾಹ್ನ ಅವಳು ಬಂದು ಬೆಂಚಿನ ತುದಿಗೆ ಕೂತಳು. ಸೊರಗಿದ್ದಳು.

"ಅವತ್ತ ಸೋಮವಾರ ಮಷೀನ್ ಖಾಲಿ ಇತ್ತು," ಎಂದಳು. "ನಾನೇ ಫೋನ್ ಮಾಡಿ ಮಂಗಳವಾರಕ್ಕ ಹಾಕ್ಸಿದೆ. ಸೋಮವಾರ ನಿಮ್ಮ ಅಂಗಡಿ ಬಂದ್ ಇರ್ತದಂತ. ಅಪ್ಪಗ ಸುಳ್ಳು ಹೇಳ್ದೆ. ಒಂದು ದಿನ ತಡ ಆಗಿದ್ದು ಅವನ ಮೈ ತಾಳ್ಲಿಲ್ಲಂತ ಡಾಕ್ಟರ್ ಅಂದ್ರು. ನೀವು ನಿಮ್ಮ ತಪ್ಪು ಹೇಳಿದ್ರಿ, ನಾ ಬಾಯಿ ಮುಚ್ಕೊಂಡು ಹೋದೆ."

ಅಂಬ್ರಪ್ಪ ಬಂದು ಅವಳೆದುರು ನೆಲದ ಮೇಲೆ ಕೂತ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸುವ ಹಕ್ಕು ತನಗಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ನಿಮ್ಮನ್ನ ಮರೀಬೇಕಂತ ಭಾಳ ನೋಡ್ದೆ," ಎಂದಳು. "ಆಗ್ಲಿಲ್ಲ. ಒಂದೇ ಮನ್ಯಾಗ ಇದ್ವಿ ಅಂದ್ರ ನಡುವ ಅಪ್ಪ ಕುಂತಿರ್ತಾನ."

"ಕುಂತಿರ್ಲಿ. ಹೊರಗ ಕಳಸೂದು ಬ್ಯಾಡ," ಎಂದ ಅಂಬ್ರಪ್ಪ. "ಮೊದ್ಲ ನಿಮ್ಮ ಅವ್ವಗ ಹೇಳಬೇಕು. ನಂದೂ ನಿಮ್ಮದೂ, ಎರಡೂ ತಪ್ಪು."

ಅಂದೇ ಇಬ್ಬರೂ ಸುರಪುರಕ್ಕೆ ಹೋದರು. ಅವ್ವ ಮರಿಲಿಂಗಮ್ಮ ಬಾಗಿಲಲ್ಲೇ ನಿಂತು ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದಳು. ಮಗಳನ್ನು ಒಳಗೆ ಕಳಿಸಿದಳು. ಅವನಿಗೆ, "ಇವತ್ತ ನಿನ್ನ ಮಾರಿ ನೋಡಾಕ ಆಗೂದಿಲ್ಲ ನನಗ. ನಾಳಿ ಬಾ," ಎಂದಳು.

ಮರುದಿನ ಹೋದ. ಬಾಗಿಲು ಅರ್ಧ ತೆರೆದು, "ನಾಳಿ ಬಾ," ಎಂದಳು. ಅದರ ಮರುದಿನವೂ ಅದೇ ಮಾತು. ಅಂಬ್ರಪ್ಪ ಅಂಗಡಿ ಮುಚ್ಚಿ ದಿನಾ ಬಸ್ ಹತ್ತಿದ. ಹನ್ನೊಂದನೆಯ ದಿನ ಮರಿಲಿಂಗಮ್ಮ ಬಾಗಿಲು ಪೂರ್ತಿ ತೆರೆದಳು. ಅವನ ಕಡೆ ನೋಡದೆಯೇ ಒಳಗೆ ಹೋಗಿ, ಪಡಸಾಲೆಯಲ್ಲಿ ಕಂಬಳಿ ಹಾಸಿ, ನೀರು ತರಲು ಮಗಳನ್ನು ಕೂಗಿದಳು.